ಅತ್ತೆಗೆ ಬೇಕಾದ ಮೂರು ಮಂದಿ

ನಮ್ಮ ಸೋದರತ್ತೆಗೆ ಪ್ಲಾಸ್ಟಿಕ್ ಕುರ್ಚಿ ಕಂಡರೆ ಆಗುವುದಿಲ್ಲ. ಕೆಲವರಿಗೆ ಹಾವು ಕಂಡರೆ ಆಗುವುದಿಲ್ಲ, ಕೆಲವರಿಗೆ ಬೀಗರು ಕಂಡರೆ ಆಗುವುದಿಲ್ಲ. ಅಂಥವರನ್ನು ಲೋಕ ಹೇಗೋ ಅರ್ಥಮಾಡಿಕೊಳ್ಳುತ್ತದೆ. ಆದರೆ ಮದುವೆಯ ಕಾರ್ಯಾಲಯಕ್ಕೆ ಕಾಲಿಟ್ಟ ಕೂಡಲೇ ಮದುಮಗಳನ್ನೂ ನೋಡದೆ, ಅಡಿಗೆಯ ವಾಸನೆಗೂ ಮೂಗರಳಿಸದೆ, ಸಾಲಾಗಿ ಇಟ್ಟ ಕುರ್ಚಿಗಳ ಕಡೆ ಕೆಂಗಣ್ಣು ಬಿಡುವ ಹೆಂಗಸನ್ನು ಏನೆಂದು ಅರ್ಥಮಾಡಿಕೊಳ್ಳಬೇಕು?

"ಇಷ್ಟು ಕುರ್ಚಿ ಅದಾವಲ್ರಿ ಅಕ್ಕಾರ, ಯಾವುದರ ಮ್ಯಾಲಾದ್ರೂ ಕುಂದರ್ರಿ" ಎಂದು ಕಾರ್ಯಾಲಯದ ಮ್ಯಾನೇಜರ್ ಕೈಮುಗಿಯುತ್ತಾನೆ.

"ಇವಕ್ಕ ಕೈ ಅದಾವು" ಅನ್ನುತ್ತಾಳೆ ಅತ್ತೆ.

"ಕುರ್ಚಿಗೆ ಕೈ ಇರಬೇಕಲ್ರಿ."

"ಕುರ್ಚಿ ತನ್ನ ಕೈ ಚಾಚಿಕೊಂಡು ಕುಂತ್ರ ನನ್ನ ಕೈ ನಾ ಎಲ್ಲಿ ಇಡ್ಲಿ?"

ಮ್ಯಾನೇಜರ್ ಕುರ್ಚಿಯನ್ನೂ ಅತ್ತೆಯನ್ನೂ ಒಮ್ಮೆ ನೋಡಿ ಅಡಿಗೆಮನೆಯ ಕಡೆ ನಡೆಯುತ್ತಾನೆ. ಕೈಯಿರುವ ಕುರ್ಚಿಯಲ್ಲಿ ಕೂತು ವಯೋಲಿನ್ನಿನ ಕಮಾನು ಎಳೆದವರಿಗೆ ಮಾತ್ರ ಗೊತ್ತು, ಮೊಣಕೈ ಹೋಗಿ ಎಲ್ಲಿಗೆ ಬಡಿಯುತ್ತದೆ ಎಂದು. ಹೀಗಾಗಿ ಅತ್ತೆ ಸದಲಗಾದ ಬಡಿಗನಿಂದ ಕೈಯಿಲ್ಲದ ನಾಲ್ಕು ಕಟ್ಟಿಗೆಯ ಕುರ್ಚಿ ಮಾಡಿಸಿ, ನಿಪ್ಪಾಣಿಯಿಂದ ಅಥಣಿಯವರೆಗೆ ಎಲ್ಲಿಗೆ ಹೋದರೂ ಟೆಂಪೋದಲ್ಲಿ ಹೇರಿಕೊಂಡು ಹೋಗುತ್ತಾಳೆ. ನಮ್ಮನ್ನು ಮೊದಲ ಸಲ ನೋಡಿದವರು ಫರ್ನಿಚರ್ ಮಾರುವವರು ಬಂದರೆಂದೇ ತಿಳಿಯುತ್ತಾರೆ.

ವಿಷಯ ಏನೆಂದರೆ, ಅತ್ತೆ ಒಂದು ಕ್ವಾರ್ಟೆಟ್ ನಡೆಸುತ್ತಾಳೆ. ನಾಲ್ಕು ಜನ, ನಾಲ್ಕು ತಂತಿವಾದ್ಯ. ಎರಡು ವಯೋಲಿನ್. ಒಂದು ವಿಯೋಲಾ, ಅಂದರೆ ವಯೋಲಿನ್ನಿಗಿಂತ ತುಸು ದೊಡ್ಡದು, ದನಿ ತುಸು ದಪ್ಪ, ವಯೋಲಿನ್ನಿನ ಹಿರಿಯಕ್ಕ ಅನ್ನಿ. ಇನ್ನೊಂದು ಚೆಲೋ, ಅದು ಇಡೀ ಮನೆತನದ ಅಜ್ಜ, ನೆಲಕ್ಕೆ ಊರಿ ಮೊಣಕಾಲ ನಡುವೆ ಹಿಡಿದು ನುಡಿಸುವಂಥದು. ಹಾಡುವವರಿಲ್ಲ, ತಬಲಾ ಇಲ್ಲ, ಮುಂದೆ ನಿಂತು ಕೋಲು ಬೀಸುವವನೂ ಇಲ್ಲ. ನಾಲ್ವರೂ ಒಬ್ಬರನ್ನೊಬ್ಬರು ಕೇಳುತ್ತ ನುಡಿಸಬೇಕು, ಅಷ್ಟೇ. "ಛಂದ ಹವ್ಯಾಸ ಬಿಡ್ರಿ" ಎಂದು ಯಾರಾದರೂ ಮೆಚ್ಚಿದರೆ ಅತ್ತೆಯ ಮೂಗು ಕೆಂಪಾಗುತ್ತದೆ. "ಹವ್ಯಾಸ ಅಲ್ರಿ, ಧಂಧಾ" ಅನ್ನುತ್ತಾಳೆ. ಅತ್ತೆಯ ಬಾಯಲ್ಲಿ ಧಂಧಾ ಎನ್ನುವುದು ಬಹಳ ಪವಿತ್ರವಾದ ಶಬ್ದ.

ಈ ರೋಗ ಅವಳಿಗೆ ಅಂಟಿದ್ದು ಉಗಾರ ಖುರ್ದದಲ್ಲಿ. ನಮ್ಮಜ್ಜನಿಗೆ ಅಲ್ಲಿ ಕಾರ್ಖಾನೆಯ ನೌಕರಿ. ಪಕ್ಕದ ಮನೆಯಲ್ಲಿ ಗೋವಾದಿಂದ ಬಂದ ಒಬ್ಬ ಮುದಿ ಫಿಟರ್ ಇದ್ದ. ಸಂಜೆ ಅವನು ವಯೋಲಿನ್ ನುಡಿಸಿದರೆ ಓಣಿಯವರೆಲ್ಲ ಕಿಟಕಿ ಮುಚ್ಚುತ್ತಿದ್ದರಂತೆ, ಅತ್ತೆಯೊಬ್ಬಳು ಕಿಟಕಿಯಿಂದ ಹಾರಿ ಅವನ ಪಡಸಾಲೆಯಲ್ಲಿ ಹೋಗಿ ಕೂತಳಂತೆ. ಫಿಟರ್ ಕಲಿಸಿದ, ಇವಳು ಕಲಿತಳು. ಕನ್ಯಾ ನೋಡಲು ಬಂದವರು "ಹಾಡಾಕ ಬರ್ತೈತೇನವಾ?" ಎಂದು ಕೇಳಿದರೆ, "ಹಾಡಾಕ ಬರೂದಿಲ್ರಿ, ಕೊಯ್ಯಾಕ ಬರ್ತೈತಿ" ಎಂದು ಒಳಗೆ ಹೋಗಿ ವಯೋಲಿನ್ ತರುತ್ತಿದ್ದಳು. ಬಂದವರು ಅವಲಕ್ಕಿ ಅರ್ಧಕ್ಕೇ ಬಿಟ್ಟು ಏಳುತ್ತಿದ್ದರು ಎಂದು ನಮ್ಮಪ್ಪ ಇವತ್ತಿಗೂ ಹೇಳುತ್ತಾನೆ. ಆಮೇಲೆ ಮುಂಬಯಿಗೆ ಹೋದಳು. ಸಿನಿಮಾ ಹಾಡುಗಳ ಹಿಂದೆ ಸಾಲುಸಾಲಾಗಿ ತಂತಿವಾದ್ಯಗಳು ಮೊಳಗುತ್ತಿದ್ದ ಕಾಲ ಅದು. ಆ ಸಾಲಿನಲ್ಲಿ ಅತ್ತೆ ವಿಯೋಲಾ ಹಿಡಿದು ಕೂತಳು. ವರ್ಷಗಟ್ಟಲೆ ಕೂತಳು. ಕೊನೆಗೊಂದು ದಿನ ಎಲೆಕ್ಟ್ರಿಕ್ ಕೀಬೋರ್ಡ್ ಬಂದು ಇಡೀ ಸಾಲನ್ನೇ ಮನೆಗೆ ಕಳಿಸಿತು.

ಮದುವೆ ಆಗಲೇ ಇಲ್ಲ. ನಮ್ಮ ದೊಡ್ಡವ್ವ ಒಮ್ಮೆ ಎಲ್ಲರೆದುರೇ ಕೇಳಿಬಿಟ್ಟಳು.

"ಅಲ್ಲ ಬೇ, ಮುಂಬೈದಾಗ ಇಷ್ಟು ವರ್ಷ ಇದ್ದಿ, ಒಬ್ಬ ಗಂಡಸನೂ ನಿನಗ ಸಿಗಲಿಲ್ಲೇನ?"

"ಸಿಕ್ಕಿದ್ರು. ಆದ್ರ ನನಗ ಮೂರು ಮಂದಿ ಬೇಕಾಗಿದ್ರು. ಒಬ್ಬನ್ನ ಕಟ್ಟಿಕೊಂಡು ಏನ್ ಮಾಡ್ಲಿ?"

ದೊಡ್ಡವ್ವ ಅಂದಿನಿಂದ ಅತ್ತೆ ಇದ್ದ ಕಡೆ ಸಣ್ಣ ಹುಡುಗಿಯರನ್ನು ಕೂಡಗೊಡಲಿಲ್ಲ.

ಸದಲಗಾದ ನಮ್ಮ ಮನೆಗೆ ಅತ್ತೆ ವಾಪಸು ಬಂದಾಗ ಅವಳ ಕೂಡ ಬಂದದ್ದು ಒಂದು ಟ್ರಂಕು, ವಿಯೋಲಾ, ಮತ್ತು ಕೌದಿ ಹೊದಿಸಿದ ಒಂದು ಆಕೃತಿ. ಅಪ್ಪ ಬಾಗಿಲು ತೆಗೆದವನು ಆ ಆಕೃತಿಯನ್ನು ನೋಡಿ, "ಇದ್ಯಾರು ಅಕ್ಕಾ?" ಅಂದ. "ಚೆಲೋ. ಇನ್ನು ಮ್ಯಾಲ ಇಲ್ಲೇ ಇರ್ತೈತಿ" ಎಂದು ಅತ್ತೆ ಅದನ್ನು ತಬ್ಬಿಕೊಂಡು ಒಳಗೆ ನಡೆದಳು. ನುಡಿಸುವವರು ಯಾರೂ ಇರಲಿಲ್ಲ. ಊರಲ್ಲಿ ಯಾರಿಗೂ ಅದರ ಹೆಸರೇ ಗೊತ್ತಿರಲಿಲ್ಲ. ಅತ್ತೆಗೆ ಅದರಿಂದ ಯಾವ ಚಿಂತೆಯೂ ಆಗಲಿಲ್ಲ. ಸಿಗುವುದು ಬಿಡುವುದು ಜನರ ಕೈಯಲ್ಲಿದೆ ಎಂದು ಅವಳು ಯಾವತ್ತೂ ನಂಬಿದವಳಲ್ಲ, ಹುಡುಕುವುದು ತನ್ನ ಕೈಯಲ್ಲಿದೆ ಎಂದು ನಂಬಿದವಳು.

ನನ್ನನ್ನು ಹಿಡಿಯುವುದು ಸುಲಭವಾಯಿತು, ಅದೇ ಮನೆಯಲ್ಲಿದ್ದೆನಲ್ಲ. ಈಗ ನಾನು ಚಿಕ್ಕೋಡಿಯ ಒಂದು ಕಾಲೇಜಿನ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ, ಉಳಿದ ವೇಳೆಯೆಲ್ಲ ಅತ್ತೆಯ ಎರಡನೇ ವಯೋಲಿನ್. ಎರಡನೇ ವಯೋಲಿನ್ ಎಂದರೇನು? ಮೊದಲನೆಯದು ಮಾತಾಡುತ್ತದೆ, ಎರಡನೆಯದು ಹೌದು ಹೌದು ಅನ್ನುತ್ತದೆ. ನನ್ನ ಗಂಡ ಇದನ್ನು ಕೇಳಿ ಬಹಳ ಹೊತ್ತು ಯೋಚನೆ ಮಾಡಿ, "ಮನ್ಯಾಗೂ ಸ್ವಲ್ಪ ಪ್ರಾಕ್ಟೀಸ್ ಮಾಡ" ಅಂದ.

ಬಾಳಗೌಡ ಅಥಣಿಯ ಕಡೆಯವನು, ದ್ರಾಕ್ಷಿ ತೋಟದ ಮನೆತನ. ಬಾಗಿಲಲ್ಲಿ ಬಂದರೆ ಬೆಳಕು ನಿಲ್ಲುವಂಥ ಆಳು. ಭಜನೆಗೆ ಹಾರ್ಮೋನಿಯಂ ಕಲಿಯಬೇಕೆಂದು ಅತ್ತೆಯನ್ನು ಕೇಳಲು ಬಂದಿದ್ದ. ಅತ್ತೆ ಅವನ ಮುಖ ನೋಡಲಿಲ್ಲ, ಅಂಗೈ ನೋಡಿದಳು, ಬೆರಳು ಒಂದೊಂದಾಗಿ ಅಗಲಿಸಿ ನೋಡಿದಳು, ಎತ್ತಿನ ಪ್ಯಾಟಿಯಲ್ಲಿ ಹಲ್ಲು ನೋಡುವ ಹಾಗೆ. "ಇದು ಹಾರ್ಮೋನಿಯಂ ಕೈ ಅಲ್ಲ, ಕುಂದ್ರು" ಎಂದು ಅವನ ಮೊಣಕಾಲ ನಡುವೆ ಚೆಲೋ ನಿಲ್ಲಿಸಿಬಿಟ್ಟಳು. ಬಾಳಗೌಡನಿಗೆ ಬೇಡ ಅನ್ನಲು ಬರುವುದಿಲ್ಲ. ಅದು ಅವನ ಸ್ವಭಾವ. ಆ ಒಂದು ಸ್ವಭಾವದಿಂದ ಕರ್ನಾಟಕಕ್ಕೆ ಒಬ್ಬ ಚೆಲೋ ವಾದಕ ಸಿಕ್ಕ. ಅವನ ತಾಯಿ ಮೊದಲ ಸಲ ಮಗ ನುಡಿಸುವುದನ್ನು ನೋಡಲು ಬಂದವಳು ಬಹಳ ಹೊತ್ತು ಕಣ್ಣು ಕಿರಿದು ಮಾಡಿ ನೋಡಿ ಹೇಳಿದಳು.

"ಎಮ್ಮಿ ಹಿಂಡಾಕ ಕುಂತಾಂಗ ಕುಂತಿಯಲ್ಲೋ ಬಾಳ್ಯಾ. ಹಾಲರೆ ಬರ್ತೈತೇನ?"

"ಬರ್ತೈತ್ರಿ, ತಡಾ ಆಗ್ತೈತಿ" ಅಂದಳು ಅತ್ತೆ.

ಮೊದಲನೇ ವಯೋಲಿನ್ನಿಗೆ ಸಿಕ್ಕವನು ಸಿದ್ಧಾರ್ಥ, ರಾಯಬಾಗದವನು. ತಾಯಿ ತಂದೆ ಇಬ್ಬರೂ ಕಬ್ಬಿನ ಗದ್ದೆಯಲ್ಲಿ ದುಡಿದವರು. ಇವನು ಫೋನಿನಲ್ಲಿ ಕೇಳಿ ಕೇಳಿ ವಯೋಲಿನ್ ಕಲಿತು, ಬುದ್ಧ ಜಯಂತಿಗೆ ವಿಹಾರದಲ್ಲಿ ನುಡಿಸುತ್ತಿದ್ದ. ಅತ್ತೆ ಯಾರೋ ಹೇಳಿದ್ದನ್ನು ಕೇಳಿ ಹೋಗಿ ಕೊನೆಯ ಸಾಲಿನಲ್ಲಿ ಕೂತಳು. ಅವನು ಮುಗಿಸಿದ ಮೇಲೆ ಹತ್ತಿರ ಹೋಗಿ, "ನೀ ಕಮಾನು ಹಿಡಿಯೂದು ಪೂರಾ ತಪ್ಪು" ಅಂದಳು. "ನೀವ್ಯಾರ್ರಿ?" ಅಂದ ಅವನು. "ತಪ್ಪು ಹಿಡಿದೂ ಇಷ್ಟು ಛಂದ ನುಡಿಸ್ತಿ. ಸರಿ ಹಿಡಿದ್ರ ಏನಾಗ್ತೈತಿ ಅಂತ ನೋಡಾಕ ಬಂದಾಕಿ." ಮರುವಾರದಿಂದ ಅವನು ಸದಲಗಾಕ್ಕೆ ಬರತೊಡಗಿದ.

ಹೀಗೆ ಅತ್ತೆಗೆ ಮೂರು ಮಂದಿ ಸಿಕ್ಕರು. ಸಿಕ್ಕವರ ಪಾಡು ಏನಾಯಿತು ಎಂದು ಕೇಳಬೇಕು.

ನಾಲ್ವರೂ ಕೂಡಿ ಒಂದೇ ಕ್ಷಣಕ್ಕೆ ಶುರು ಮಾಡುವುದು ಕ್ವಾರ್ಟೆಟ್‌ನ ಮೊದಲ ಪಾಠ. ಒಂದು ಎರಡು ಮೂರು ಎಂದು ಎಣಿಸುವ ಹಾಗಿಲ್ಲ, ತಲೆ ಆಡಿಸುವ ಹಾಗಿಲ್ಲ. ನಮಗೆ ಬರಲಿಲ್ಲ. ಒಬ್ಬರು ಮುಂದೆ, ಒಬ್ಬರು ಹಿಂದೆ, ಬಾಳಗೌಡನಂತೂ ಮರುದಿನ. ಅತ್ತೆ ವಾದ್ಯಗಳನ್ನು ಪೆಟ್ಟಿಗೆಗೆ ಹಾಕಿಸಿ, ಹಿತ್ತಲಿನಿಂದ ಒಂದು ಹೊರಸು, ಅಂದರೆ ಹಗ್ಗದ ಮಂಚ, ತರಿಸಿ, ಅದರ ನಡುವೆ ನೀರು ತುಂಬಿದ ಕೊಡ ಇಟ್ಟು ಬಿಳಿ ಬಟ್ಟೆಯಿಂದ ಕಟ್ಟಿದಳು. ನಾಲ್ವರು ನಾಲ್ಕು ಕಾಲು ಹಿಡಿದು, ಮಾತಾಡದೆ, ಒಮ್ಮೆಲೇ ಎತ್ತಬೇಕು, ಒಮ್ಮೆಲೇ ನಡೆಯಬೇಕು, ನೀರು ಚೆಲ್ಲಬಾರದು. ಹಿತ್ತಲು ಸಾಲದೆ ಓಣಿಗೆ ಬಂದೆವು. ಗಂಭೀರ ಮುಖ ಮಾಡಿಕೊಂಡು, ಬಿಳಿ ಬಟ್ಟೆ ಹೊದಿಸಿದ ಹೊರಸನ್ನು ಹೊತ್ತು, ಸದ್ದಿಲ್ಲದೆ ಹೊರಟ ನಾಲ್ವರನ್ನು ಕಂಡು ಜನ ಏನು ತಿಳಿಯಬೇಕು? ಹಾಲಿನ ಕ್ಯಾನು ಕಟ್ಟಿಕೊಂಡು ಬರುತ್ತಿದ್ದ ಒಬ್ಬ ಮುದುಕ ಗಾಡಿ ನಿಲ್ಲಿಸಿ ಟೊಪ್ಪಿಗೆ ತೆಗೆದ.

"ಯಾರು ಹೋದ್ರವಾ?"

ಮಾತಾಡಬಾರದು ಎಂದು ಅತ್ತೆಯದೇ ಆಜ್ಞೆ. ಯಾರೂ ಮಾತಾಡಲಿಲ್ಲ. ದುಃಖ ಬಹಳ ಆಗಿದೆ ಎಂದು ಮುದುಕ ನಮ್ಮ ಹಿಂದೆಯೇ ಹೊರಟ. ಇನ್ನಿಬ್ಬರು ಸೇರಿಕೊಂಡರು. ತಿರುವಿನಲ್ಲಿ ಬಾಳಗೌಡ ಎಡವಿದ, ಕೊಡ ಉರುಳಿ ನೀರೆಲ್ಲ ಹಿಂದೆ ಬಂದವರ ಮೇಲೆ ಬಿತ್ತು. ಮುದುಕ ಬಟ್ಟೆ ಹಿಂಡಿಕೊಳ್ಳುತ್ತ, "ಮೊದಲ ಹೇಳಬಾರದೇನವಾ, ಸತ್ತಾವ ಇಲ್ಲಂತ" ಎಂದು ನೊಂದುಕೊಂಡ. ಆದರೆ ಮರುದಿನ ವಾದ್ಯ ಹಿಡಿದು ಕೂತಾಗ ನಾವು ನಾಲ್ವರೂ ಒಂದೇ ಉಸಿರಿಗೆ ಶುರು ಮಾಡಿದೆವು. ಬಾಳಗೌಡ ತನ್ನ ಚೆಲೋವನ್ನೇ ನಂಬಲಾರದೆ ನೋಡಿದ.

ಧಂಧಾ ಅಂದಮೇಲೆ ಗಿರಾಕಿ ಬೇಕು. ಈಗ ನಮ್ಮ ಕಡೆ ಮದುವೆಗಳಲ್ಲಿ ಮದುಮಗಳು ಬರುವಾಗ ವಯೋಲಿನ್ ನುಡಿಸುವ ಪದ್ಧತಿ ಬಂದಿದೆ, ಅದೇ ನಮ್ಮ ಹೊಟ್ಟೆಪಾಡು. ಕರೆದವರು ಕೇಳಿದ ಹಾಡನ್ನೆಲ್ಲ ನುಡಿಸುತ್ತೇವೆ. ಆದರೆ ಅತ್ತೆಯದೊಂದು ಕರಾರು, ಮೊದಲೇ ಹೇಳಿಬಿಡುತ್ತಾಳೆ: "ನಿಮ್ಮವೆಲ್ಲಾ ಆದ ಮ್ಯಾಲ ನಮ್ಮದು ಒಂದು. ಪೂರ್ತಿ ನುಡಿಸ್ತೀವಿ. ನಡಕ ಯಾರೂ ನಿಲ್ಲಸೂ ಹಂಗಿಲ್ಲ." ಆ ನಮ್ಮದು ಒಂದು ಅನ್ನುವುದು ಕೆಲವು ಸಲ ವಿದೇಶದ ಯಾವುದೋ ಹಳೆಯ ಕೃತಿ, ಹೆಚ್ಚಿನ ಸಲ ಅತ್ತೆಯೇ ನಾಲ್ಕು ವಾದ್ಯಕ್ಕೆ ಹೊಂದಿಸಿದ ಬೀಸುಕಲ್ಲಿನ ಪದ. ನಮ್ಮಜ್ಜಿ ಜೋಳ ಬೀಸುವಾಗ ಹಾಡುತ್ತಿದ್ದ ಪದ ಅದು. ಬಾಳಗೌಡನ ಚೆಲೋ ಕಲ್ಲಿನ ಹಾಗೆ ತಿರುಗುತ್ತದೆ, ಅತ್ತೆಯ ವಿಯೋಲಾ ಕಲ್ಲು ತಿರುವುವ ಕೈ, ನಾನು ಉದುರುವ ಹಿಟ್ಟು, ಮೇಲೆ ಸಿದ್ಧಾರ್ಥ ಹಾಡುವ ಹೆಂಗಸು. ಮೊದಲ ಸಲ ಇದನ್ನು ಕೇಳಿದಾಗ ನಮ್ಮಪ್ಪ ಎದ್ದು ಹಿತ್ತಲಿಗೆ ಹೋಗಿ ಬಹಳ ಹೊತ್ತು ಅಲ್ಲೇ ಇದ್ದ.

ರಾಯಬಾಗದ ಒಂದು ಮದುವೆಗೆ ಹೋದೆವು. ಹೆಬ್ಬಾಗಿಲಲ್ಲಿ ದೊಡ್ಡ ಬ್ಯಾನರು, ನಮ್ಮ ಸ್ವಾಗತಕ್ಕೆ. ಅಚ್ಚು ಹಾಕಿದವನಿಗೆ ಕ್ವಾರ್ಟೆಟ್ ಎಂಬ ಶಬ್ದ ತಪ್ಪಾಗಿ ಬರೆದಂತೆ ಕಂಡಿರಬೇಕು, ಪಾಪ, ತಿದ್ದಿದ್ದ. "ಸಂಜೆ ಏಳಕ್ಕೆ ವೇದಿಕೆಯ ಮೇಲೆ ಸದಲಗಾದ ಕ್ವಾರ್ಟರ್, ಸರ್ವರಿಗೂ ಆದರದ ಸ್ವಾಗತ." ಅಂಥ ಜನಸಂದಣಿಯನ್ನು ನಾವು ಅದುವರೆಗೆ ಕಂಡಿರಲಿಲ್ಲ. ಗಂಡಸರೇ ಗಂಡಸರು. ಒಬ್ಬ ಯಜಮಾನರು ಮುಂದೆ ಬಂದು ಅತ್ತೆಯ ಕಿವಿಯಲ್ಲಿ, "ಯಾವಾಗ ಕೊಡ್ತೀರಿ?" ಎಂದು ಕೇಳಿದರು. "ಕುಂದರ್ರಿ, ಏಳಕ್ಕ ಕೊಡ್ತೀವಿ" ಅಂದಳು. ಕೊಟ್ಟೆವು. ಅರ್ಧ ಜನ ಎದ್ದು ಹೋದರು, ಅರ್ಧ ಜನ ಇನ್ನೂ ಆಸೆಯಿಂದ ಕೂತರು. ಪದ ಮುಗಿಯುವಷ್ಟರಲ್ಲಿ ಆ ಯಜಮಾನರು ಒಬ್ಬರೇ ಕಣ್ಣು ಒರೆಸಿಕೊಳ್ಳುತ್ತಿದ್ದರು. ಕ್ವಾರ್ಟರ್ ಸಿಗಲಿಲ್ಲ ಎಂದೋ, ತಾಯಿ ನೆನಪಾದಳೆಂದೋ, ನಾವು ಕೇಳಲಿಲ್ಲ.

ಇನ್ನೊಮ್ಮೆ ಅಥಣಿಗೆ ಹೋಗುವಾಗ ಟೆಂಪೋ ಕೈಕೊಟ್ಟಿತು. ಕಾಗವಾಡದ ಹತ್ತಿರ ರಸ್ತೆಯಲ್ಲಿ ನಿಂತು ಬಸ್ಸು ಹಿಡಿದೆವು. ಚೆಲೋಗೆ ಕೌದಿ ಹೊದಿಸಿ ಕಿಟಕಿಯ ಸೀಟಿನಲ್ಲಿ ಕೂಡಿಸಿ, ಪಕ್ಕದಲ್ಲಿ ಬಾಳಗೌಡ ಅದರ ಭುಜಕ್ಕೆ ಕೈ ಹಾಕಿ ಕೂತ. ಹಿಂದಿನ ಸೀಟಿನ ಅಜ್ಜಿ ಕನಿಕರದಿಂದ, "ಏನಾಗೇತಿ ತಮ್ಮಾ, ಆರಾಮ ಇಲ್ಲೇನ?" ಅಂದಳು. ಬಾಳಗೌಡನಿಗೆ ಇಲ್ಲ ಅನ್ನಲು ಬರುವುದಿಲ್ಲವಲ್ಲ, "ಹೌದಬೇ ಆಯಿ" ಅಂದ. ಅಜ್ಜಿ ಮೋಸಂಬಿ ಸುಲಿಯತೊಡಗಿದಳು. ಅಷ್ಟರಲ್ಲಿ ಕಂಡಕ್ಟರ್ ಬಂದ.

"ಇದರ ಟಿಕೆಟ್ ತಗೀರಿ."

"ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲಲ್ಲರಿ ಈಗ" ಅಂದಳು ಅತ್ತೆ.

"ಇದು ಹೆಣ್ಣ ಏನ್ರಿ?"

"ನಡಾ ನೋಡ್ರಿ."

ಕಂಡಕ್ಟರ್ ಕೌದಿ ಸರಿಸಿ ನೋಡಿದ. ನಡು ಸಣ್ಣದು, ಒಪ್ಪಲೇಬೇಕು. ಅವನೂ ಚಾಲಾಕಿ ಆಳು, ಸ್ವಲ್ಪ ಯೋಚಿಸಿ, "ಆಧಾರ್ ಕಾರ್ಡ್ ತೋರಿಸ್ರಿ ಹಂಗಾರ" ಅಂದ. ಅತ್ತೆ ಸೋತಳು. ಅವಳು ಮಾತಿನಲ್ಲಿ ಸೋತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಪೂರ್ತಿ ಟಿಕೆಟ್ ಕೊಂಡು, ಅಥಣಿಯವರೆಗೆ ಕಂಡಕ್ಟರನನ್ನು ಮೆಚ್ಚಿಕೊಳ್ಳುತ್ತ ಬಂದಳು. ಮೋಸಂಬಿಯನ್ನು ರೋಗಿಯ ಪರವಾಗಿ ಬಾಳಗೌಡ ತಿಂದ.

ಹೀಗೆ ನಡೆಯುತ್ತ ನಡೆಯುತ್ತ ಹೆಸರು ಬಂತು. ಬೆಳಗಾವಿಯಿಂದ ಕರೆ, ಸಾಂಗಲಿಯಿಂದ ಕರೆ. ಕೊಲ್ಲಾಪುರದಲ್ಲಿ ಒಮ್ಮೆ ಮದುವೆಯಲ್ಲ, ಮುಂಜಿಯಲ್ಲ, ನಮ್ಮನ್ನು ಕೇಳಲಿಕ್ಕೆಂದೇ ಜನ ಬಂದು ಕೂತ ಸಭೆ. ಅಲ್ಲಿ ಯಾರೂ ಮಾತಾಡಲಿಲ್ಲ. ನಮ್ಮ ನಾಲ್ಕು ಕಮಾನು ಒಟ್ಟಿಗೆ ಮೇಲೆದ್ದು ನಿಂತಾಗ ಇಡೀ ಸಭೆ ಉಸಿರು ಹಿಡಿದದ್ದು ನನಗೆ ಬೆನ್ನಲ್ಲಿ ಗೊತ್ತಾಯಿತು.

ಅದೇ ಸಭೆಯಲ್ಲಿ ಪುಣೆಯ ಒಬ್ಬ ಮನುಷ್ಯ ಕೂತಿದ್ದ, ದೊಡ್ಡ ದೊಡ್ಡ ಕಾರ್ಯಕ್ರಮ ಮಾಡಿಸುವವನು. ಮುಗಿದ ಮೇಲೆ ಬಂದು ಸಿದ್ಧಾರ್ಥನ ಕೈ ಹಿಡಿದುಕೊಂಡ. ಅವನು ತೋರಿಸಿದ ಆಸೆ ಇದು: ಬಿಳಿ ಕೋಟು, ನೀಲಿ ದೀಪ ಹತ್ತುವ ಎಲೆಕ್ಟ್ರಿಕ್ ವಯೋಲಿನ್, ಕಾಲ ಕೆಳಗೆ ಹೊಗೆ, ಹಿಂದೆ ರೆಕಾರ್ಡ್ ಮಾಡಿದ ತಾಳ, ಮುಂದೆ ಸಿದ್ಧಾರ್ಥ ಒಬ್ಬನೇ. ಸಿದ್ಧಾರ್ಥ ಆಗ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಆದರೆ ಆಮೇಲಿನ ರಿಹರ್ಸಲ್‌ಗಳಲ್ಲಿ ಅವನ ವಯೋಲಿನ್ ನಮ್ಮನ್ನು ಬಿಟ್ಟು ಓಡತೊಡಗಿತು.

"ಓಡಾಕತ್ತಿ" ಅಂದಳು ಅತ್ತೆ.

ಮತ್ತೆ ಶುರು ಮಾಡಿದೆವು. ಮತ್ತೆ ಓಡಿದ.

"ಒಬ್ಬನ ನುಡಸಾಕತ್ತಿ ನೀ. ನಾವೂ ಇಲ್ಲೇ ಅದೀವಿ."

ಸಿದ್ಧಾರ್ಥ ಕಮಾನು ಕೆಳಗಿಳಿಸಿದ. "ಮಂದಿ ನನ್ನ ಕೇಳಾಕ ಬರ್ತಾರ್ರಿ ಅಕ್ಕಾರ. ನಾ ಹಾಡ್ತೀನಿ. ನೀವು ಮೂರೂ ಮಂದಿ ಝುಂಯ್ ಝುಂಯ್ ಅಂತೀರಿ."

ಯಾವತ್ತೂ ಸಿಟ್ಟಾಗದ ಬಾಳಗೌಡ ಚೆಲೋವನ್ನು ಮೆಲ್ಲಗೆ ನೆಲಕ್ಕೆ ಮಲಗಿಸಿದ. ಅತ್ತೆ ಸಿದ್ಧಾರ್ಥನನ್ನೇ ನೋಡುತ್ತ, ದನಿ ಏರಿಸದೆ ಹೇಳಿದಳು.

"ಹೌದು. ಝುಂಯ್ ಅನ್ನೂದು ಕಲಿಯಾಕ ನನಗ ಅರ್ಧ ಆಯುಷ್ಯ ಹಿಡೀತು. ನಿನಗ ಹೋಗಬೇಕಂದ್ರ ಹೋಗಿ ಬಾ."

ಅವನು ಹೋದ.

ನಿಪ್ಪಾಣಿಯ ಒಬ್ಬ ತಂಬಾಕಿನ ವ್ಯಾಪಾರಿಯ ಮಗಳ ಮದುವೆಗೆ ಮಾತು ಕೊಟ್ಟಾಗಿತ್ತು. ನಾನು ಒಂದೊಂದೇ ದಾರಿ ಹೇಳಿದೆ, ಅತ್ತೆ ಒಂದೊಂದನ್ನೂ ಬೇಡ ಅಂದಳು. ಬೆಳಗಾವಿಯಲ್ಲಿ ಒಬ್ಬ ಒಳ್ಳೆಯ ವಯೋಲಿನ್ ವಾದಕನಿದ್ದಾನೆ, ಕರೆಯೋಣ. ಬೇಡ. ಸಿದ್ಧಾರ್ಥನ ಭಾಗ ನನಗೆ ಬಾಯಿಪಾಠ, ನಾನೇ ನುಡಿಸುತ್ತೇನೆ. ಬೇಡ. ಹಾಗಾದರೆ ಮದುವೆಯವರಿಗೆ ಬರುವುದಿಲ್ಲ ಅನ್ನೋಣ. ಮಾತು ಕೊಟ್ಟೇವಿ, ಬೇಡ. ಮತ್ತೇನು ಮಾಡೋಣ?

"ಮೂರು ಮಂದಿ ನುಡಸೂಣು."

"ಏನನ್ನ?"

"ನಮ್ಮ ನಮ್ಮದನ್ನ."

ಸ್ವಲ್ಪ ಯೋಚಿಸಿ ನೋಡಿ. ಹಾಡು ತೆಗೆದು ಹಿಮ್ಮೇಳ ಮಾತ್ರ ನುಡಿಸುವುದು. ಮದುಮಗ ಇಲ್ಲದೆ ದಿಬ್ಬಣ ಹೊರಡಿಸಿದ ಹಾಗೆ. ಆದರೂ ಅತ್ತೆ ದಿನಾ ಕೂಡಿಸಿದಳು, ನಾವು ದಿನಾ ನುಡಿಸಿದೆವು. ಸಿದ್ಧಾರ್ಥ ಬರುವ ಕಡೆ ಅವನಿಗಾಗಿ ಹಗುರಾದೆವು, ಅವನು ಉಸಿರೆಳೆಯುವ ಕಡೆ ನಿಂತೆವು, ಅವನು ಇಳಿಯುವ ಕಡೆ ಕೆಳಗೆ ಕೈ ಹಿಡಿದೆವು. ಅವನು ಮಾತ್ರ ಇರಲಿಲ್ಲ. ನಮ್ಮಪ್ಪ ಹೊರಗಿನಿಂದ ಕೇಳಿ, "ಯಾರೋ ಫೋನಿನಾಗ ಮಾತಾಡಿದಾಂಗ ಕೇಳ್ತೈತಿ, ಒಂದ ಕಡೀದು" ಅಂದ. ನನಗೆ ತಡೆಯಲಾಗಲಿಲ್ಲ. ಒಂದು ದಿನ ವಯೋಲಿನ್ ಮಡಿಲಲ್ಲಿಟ್ಟುಕೊಂಡು ಕೇಳಿಯೇ ಬಿಟ್ಟೆ.

"ಅತ್ತಿ, ಇದು ಹಟ ಅಲ್ಲೇನ? ಮಂದಿ ನಗ್ತಾರ. ಬ್ಯಾರೇದವನ್ನ ತಂದ್ರ ಏನಾಗ್ತೈತಿ?"

ಅತ್ತೆ ವಿಯೋಲಾ ಕೆಳಗಿಟ್ಟಳು. ಆಮೇಲೆ ಅದುವರೆಗೆ ನಮ್ಮ ಮನೆಯಲ್ಲಿ ಯಾರಿಗೂ ಹೇಳದ ಒಂದು ಮಾತು ಹೇಳಿದಳು.

"ಮುಂಬೈದಾಗ ನಮ್ಮದು ಒಂದು ಇತ್ತು ಬೇ, ಹಿಂಗ ನಾಕು ಮಂದಿದು. ಸ್ಟುಡಿಯೋ ಕೆಲಸ ಮುಗಿಸಿ ಒಂದು ಶಾಲ್ಯಾಗ ಕುಂತು ನುಡಸ್ತಿದ್ವಿ. ಭಾಳ ಛಂದ ಇತ್ತು. ಒಬ್ಬಾಕಿ ಬಿಟ್ಟು ಹೋದ್ಲು. ಮರುವಾರನ ನಾವು ಬ್ಯಾರೇದಾಕಿನ್ನ ತಂದು ಕುಂದರಿಸಿದ್ವಿ. ಆಕಿನೂ ಛಲೋನ ನುಡಸ್ತಿದ್ಲು. ಆದ್ರ ಅವತ್ತ ನಾಕೂ ಮಂದಿಗೂ ತಿಳೀತು, ಯಾರು ಹೋದ್ರೂ ನಡೀತೈತಿ ಅಂತ. ಆಮ್ಯಾಲ ಒಬ್ಬೊಬ್ಬರ ಹೋದ್ರು. ನಾನೂ ಹೋದೆ."

ಬಾಳಗೌಡ ಕಮಾನು ಎತ್ತಿಕೊಂಡ. "ಅಕ್ಕಾರ, ಮತ್ತೊಮ್ಮೆ ಮೊದಲಿಂದ ನುಡಸೂಣ್ರಿ" ಅಂದ. ನಾನೂ ವಯೋಲಿನ್ ಎತ್ತಿಕೊಂಡೆ.

ನಿಪ್ಪಾಣಿಯ ಮದುವೆಯಲ್ಲಿ ನಾಲ್ಕು ಕುರ್ಚಿ ಹಾಕಿ ಮೂವರು ಕೂತೆವು. ವ್ಯಾಪಾರಿ ಬಂದು, "ಇನ್ನೊಬ್ಬರು ಎಲ್ಲಿ?" ಎಂದ. "ನೀವು ಶುರು ಮಾಡಸ್ರಿ" ಅಂದಳು ಅತ್ತೆ. ಮದುಮಗಳು ಬರುವ ಹಾಡು ನುಡಿಸಿದೆವು. ಝುಂಯ್ ಝುಂಯ್. ಮದುಮಗಳು ಹಾಡು ಇನ್ನೂ ಶುರುವಾಗಿಲ್ಲವೆಂದು ಬಾಗಿಲಲ್ಲೇ ನಿಂತಳು. ಜನ ಒಬ್ಬರ ಮುಖ ಒಬ್ಬರು ನೋಡಿದರು. ಡಿಜೆಯವನು ನಗುತ್ತ ಫೋನು ತೆಗೆದು ರೆಕಾರ್ಡ್ ಮಾಡತೊಡಗಿದ. ಅತ್ತೆ ಮಾತ್ರ ಕೊಲ್ಲಾಪುರದ ಸಭೆಯಲ್ಲಿ ಕೂತಷ್ಟೇ ನೆಟ್ಟಗೆ ಕೂತಿದ್ದಳು. ಕೊನೆಗೆ ನಮ್ಮದು ಒಂದು ಬಂತು. ಚೆಲೋ ತಿರುಗಿತು, ವಿಯೋಲಾ ತಿರುವಿತು, ನಾನು ಹಿಟ್ಟು ಉದುರಿಸಿದೆ, ಹಾಡುವ ಹೆಂಗಸಿನ ಪತ್ತೆಯಿಲ್ಲ.

ಮುಂದಿನ ಸಾಲಿನಲ್ಲಿ ಮದುಮಗನ ಅಜ್ಜಿ ಕೂತಿದ್ದಳು, ಕಿವಿ ಸ್ವಲ್ಪ ಮಂದ. "ಏ, ಮೈಕ್ ಹಚ್ಚರ್ಲೆ, ಹಾಡಾಕಿ ದನಿ ಕೇಳವಲ್ದು" ಎಂದು ಗದರಿದಳು. ಯಾರೂ ಮೈಕ್ ಹಚ್ಚಲಿಲ್ಲ. ಅಜ್ಜಿ ಸ್ವಲ್ಪ ಹೊತ್ತು ಕಾದಳು. ಕಲ್ಲು ಸುಮ್ಮನೆ ತಿರುಗುವುದನ್ನು ನೋಡಿ ಅವಳಿಗೆ ತಡೆಯಲಿಲ್ಲವೋ ಏನೋ, ತಾನೇ ಹಾಡಲು ಶುರು ಮಾಡಿದಳು. ನಮ್ಮ ಶ್ರುತಿಗೂ ಅವಳ ಶ್ರುತಿಗೂ ಯಾವ ಸಂಬಂಧವೂ ಇರಲಿಲ್ಲ. ಅತ್ತೆ ಒಮ್ಮೆ ನಮ್ಮಿಬ್ಬರ ಕಡೆ ನೋಡಿದಳು, ಅಷ್ಟೇ. ಮೂವರೂ ನಿಲ್ಲದೆ, ನುಡಿಸುತ್ತ ನುಡಿಸುತ್ತಲೇ, ಶ್ರುತಿಯ ಒಂದೊಂದೇ ಮೆಟ್ಟಿಲು ಇಳಿದು ಅಜ್ಜಿಯ ದನಿ ಇದ್ದ ಕಡೆ ಹೋಗಿ ಸೇರಿಕೊಂಡೆವು. ಹಿಂದಿನ ಸಾಲಿನಿಂದ ಇನ್ನೊಬ್ಬ ಮುದುಕಿ ದನಿಗೂಡಿಸಿದಳು, ಅವಳ ಹಿಂದೆ ಇನ್ನೊಬ್ಬಳು. ಪದ ಮುಗಿದಾಗ ಡಿಜೆಯವನ ಕೈಯಲ್ಲಿ ಫೋನು ಇತ್ತು, ಮುಖದಲ್ಲಿ ನಗು ಇರಲಿಲ್ಲ.

ಆದರೂ ವಿಡಿಯೋ ಊರೂರು ಸುತ್ತಿತು. ಯಾರೋ ಪುಣ್ಯಾತ್ಮರು ಮೊದಲ ಅರ್ಧವನ್ನಷ್ಟೇ ಕತ್ತರಿಸಿ, "ಗಾಯಕರು ಊಟಕ್ಕೆ ಹೋಗ್ಯಾರ" ಎಂದು ಮೇಲೆ ಬರೆದು ಕಳಿಸಿದ್ದರು. ಚಿಕ್ಕೋಡಿಯ ನನ್ನ ಆಫೀಸಿನಲ್ಲಿ ಅದು ನನ್ನ ಕಣ್ಣೆದುರೇ ಟೇಬಲಿನಿಂದ ಟೇಬಲಿಗೆ ಹೋಯಿತು. ಅತ್ತೆಗೆ ತೋರಿಸಿದೆ. ಗಮನವಿಟ್ಟು ಪ್ರತಿಯೊಂದು ಸ್ವರ ಕೇಳಿ, "ಬಾಳ್ಯಾಂದು ಛಲೋ ಬಂದೈತಿ, ನಿಂದು ಎರಡನೇ ಸಾಲಿನ್ಯಾಗ ಒರಟ ಆತು" ಅಂದಳು.

ಒಂದು ರವಿವಾರ ಮುಂಜಾನೆ ಎಂದಿನಂತೆ ಮೂವರೂ ನುಡಿಸುತ್ತಿದ್ದೆವು. ಬಾಗಿಲಲ್ಲಿ ಸಿದ್ಧಾರ್ಥ ಬಂದು ನಿಂತ. ಕೈಯಲ್ಲಿ ಅವನ ಹಳೆಯ ವಯೋಲಿನ್ ಪೆಟ್ಟಿಗೆ, ಕಾಲಲ್ಲಿ ಧೂಳು, ರಾಯಬಾಗದಿಂದ ಬೈಕಿನಲ್ಲಿ ಬಂದಿದ್ದ. ಅತ್ತೆ ನಿಲ್ಲಿಸಲಿಲ್ಲ. ಪೂರ್ತಿ ನುಡಿಸಿ ಕಮಾನು ಇಳಿಸುವವರೆಗೂ ಅವನು ಅಲ್ಲೇ ನಿಂತಿದ್ದ. ಕ್ಷಮೆ ಕೇಳಲು ಬಂದಿದ್ದಾನೆಂದು ಮುಖ ನೋಡಿದರೆ ತಿಳಿಯುತ್ತಿತ್ತು, ಆದರೆ ಬಾಯಿಗೆ ಬಂದದ್ದು ಬೇರೆ ಮಾತು.

"ವಿಡಿಯೋ ನೋಡಿದ್ನಿರಿ ಅಕ್ಕಾರ. ಮಂದಿ ನಗಾಕತ್ತಿದ್ರು. ನನಗ ನಗು ಬರಲಿಲ್ರಿ." ಪೆಟ್ಟಿಗೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದ. "ನಾ ಉಸಿರು ತಗೊಳ್ಳೂ ಕಡೆ ನೀವು ನಿಂತ್ರಿ. ನಾ ಇಲ್ಲದಾಗೂ ನಿಂತ್ರಿ. ನನ್ನ ಜಾಗಾ ಹಂಗ ಇಟ್ಟೀರಲ್ರಿ."

ಬಾಳಗೌಡ ಟವೆಲಿನಿಂದ ಮುಖ ಒರೆಸಿಕೊಂಡ. ನಾನು ಎದ್ದು ಚಹಾ ಇಡುವ ನೆಪದಲ್ಲಿ ಒಳಗೆ ಹೋಗಬೇಕೆಂದುಕೊಂಡೆ, ಹೋಗಲಿಲ್ಲ. ಈಗ ಅತ್ತೆ ಒಂದು ಚುರುಕು ಮಾತು ಹೇಳುತ್ತಾಳೆ, ನಾವೆಲ್ಲ ನಗುತ್ತೇವೆ, ಎಲ್ಲ ಸರಿಹೋಗುತ್ತದೆ ಎಂದು ಕಾದೆ.

ಅತ್ತೆ ಕಮಾನಿನಿಂದ ನಾಲ್ಕನೆಯ ಕುರ್ಚಿಯನ್ನು ತೋರಿಸಿದಳು. ಸಿದ್ಧಾರ್ಥ ಬಂದು ಕೂತು ಪೆಟ್ಟಿಗೆ ತೆರೆಯುವುದನ್ನು ನೋಡಿದಳು. ಆಮೇಲೆ ನಮ್ಮೆಲ್ಲರಿಗೂ ಬೆನ್ನು ತಿರುಗಿಸಿ ಕೂತು, ವಿಯೋಲಾ ಕಿವಿಯ ಹತ್ತಿರ ಹಿಡಿದು, ಒಂದೊಂದೇ ತಂತಿಯನ್ನು ಮೀಟುತ್ತ, ಬಿರಡೆ ತಿರುವುತ್ತ, ಮತ್ತೆ ಮೀಟುತ್ತ, ಶ್ರುತಿ ಮಾಡತೊಡಗಿದಳು. ಬಹಳ ಹೊತ್ತು ಮಾಡಿದಳು. ಅವಳ ಭುಜ ಮೆಲ್ಲಗೆ ಅಲುಗುತ್ತಿತ್ತು. ನಾವು ಮೂವರೂ ತಲೆ ತಗ್ಗಿಸಿ ಕಾಯುತ್ತ ಕೂತೆವು.

ಆ ವಿಯೋಲಾದ ಒಂದು ತಂತಿಯೂ ಶ್ರುತಿ ತಪ್ಪಿರಲಿಲ್ಲ.